ದೊರೆಯ ನಕ್ಷೆಯಲ್ಲಿಲ್ಲದ ಸ್ಮಶಾನದ ದಾರಿ

ಕಂದಾಯಾಧಿಕಾರಿಗಳೇ,

ಜಿಗಣಿ ಆಚೆಯ ನಮ್ಮೂರಿನಿಂದ ಸ್ಮಶಾನಕ್ಕೆ ಹೋಗುವ ದಾರಿಯನ್ನು ಕಾರ್ಖಾನೆಯೊಂದು ತನ್ನ ಕಾಂಪೌಂಡಿನೊಳಗೆ ಸೇರಿಸಿಕೊಂಡಿದೆ. ಬಿಡಿಸಿಕೊಡಿ ಎಂದರೆ ತಾವು ಬ್ರಿಟಿಷರ ಕಡೆಗೆ ಕೈ ತೋರಿಸುತ್ತೀರಿ. ಅವರು ಹೋಗಿ ಅರವತ್ತೈದು ವರ್ಷವಾಯಿತಲ್ಲ ಸ್ವಾಮಿ, ಎಲ್ಲಿ ಹುಡುಕಲಿ?

ಮೊನ್ನೆ ಆಗಸ್ಟ್ ಹದಿನೈದಕ್ಕೆ ಶಾಲೆಯ ಮೈದಾನದಲ್ಲಿ ತಮ್ಮ ಭಾಷಣ ಕೇಳಿದೆ. ಜವಾನ ಹಿಡಿದ ಛತ್ರಿಯ ನೆರಳಲ್ಲಿ ನಿಂತಿದ್ದರೂ ತಮ್ಮ ಆವೇಶಕ್ಕೇನೂ ಕಡಿಮೆಯಿರಲಿಲ್ಲ. "ಆ ಲೂಟಿಕೋರರು ನಮ್ಮನ್ನು ಮನುಷ್ಯರೆಂದೇ ಎಣಿಸಲಿಲ್ಲ" ಎಂದು ಗುಡುಗಿದಿರಿ. ನಾನೂ ಚಪ್ಪಾಳೆ ತಟ್ಟಿದೆ. ಇಂಥ ದೇಶಭಕ್ತರು ನಮ್ಮ ಕೈ ಬಿಡುತ್ತಾರೆಯೇ ಎಂದುಕೊಂಡು ಮಾರನೆಯ ದಿನವೇ ತಾಯಿ ಮಾರಕ್ಕನನ್ನು ಕರೆದುಕೊಂಡು ಕಚೇರಿಗೆ ಬಂದೆ. ಬಾಗಿಲಲ್ಲೇ ಚಪ್ಪಲಿ ಬಿಡಿಸಿದರು. ಒಳಗೆ ಸಾಲು ಕುರ್ಚಿ ಖಾಲಿಯಿದ್ದರೂ ಮಂಡಿನೋವಿನ ಆ ಹಿರಿಜೀವ ನಿಂತೇ ಇತ್ತು. ತಾವು ನಕ್ಷೆ ತರಿಸಿ, ಕನ್ನಡಕ ಏರಿಸಿ, "ಇದು ಬ್ರಿಟಿಷರ ಕಾಲದ ಸರ್ವೆ. ಇದ್ರಲ್ಲಿ ದಾರಿ ಇಲ್ಲ ಅಂದ್ರೆ ಇಲ್ಲ ಕಣ್ರೀ" ಎಂದಿರಿ.

ಅಬ್ಬಬ್ಬಾ! ಹದಿನೈದಕ್ಕೆ ಲೂಟಿಕೋರ, ಹದಿನಾರಕ್ಕೆ ಅವನು ಎಳೆದ ಗೆರೆಯೇ ವೇದವಾಕ್ಯ! ಆ ಬ್ರಿಟಿಷ್ ದೊರೆ ಅಳತೆಯ ಸರಪಳಿ ಹಿಡಿದು ಬಂದದ್ದು ಕಂದಾಯ ನಿಗದಿ ಮಾಡಲು. ತೆರಿಗೆ ಹುಟ್ಟುವ ಹೊಲಕ್ಕೆಲ್ಲ ಕಲ್ಲು ನೆಟ್ಟ. ಹೆಣ ಕಂದಾಯ ಕಟ್ಟುವುದಿಲ್ಲವಲ್ಲ, ಅದು ಹೋಗುವ ದಾರಿ ಅವನ ಕಣ್ಣಿಗೆ ಬೀಳಲಿಲ್ಲ. ರೈಲು ಕೊಟ್ಟ, ಸೇತುವೆ ಕೊಟ್ಟ ಎಂದು ಅವನನ್ನು ಹೊಗಳುವವರು ಈಗಲೂ ಇದ್ದಾರೆ. ಕೊಟ್ಟದ್ದಿರಲಿ, ನಮ್ಮ ನೆಲವನ್ನು ಯಾರನ್ನು ಕೇಳಿ ಅಳೆದ? ಹೋಗಲಿ, ಅವನು ಪರದೇಶದವನು, ಕಾಣಲಿಲ್ಲ ಎನ್ನೋಣ. ಇಲ್ಲೇ ಹುಟ್ಟಿ ಮುದ್ದೆ ಉಂಡ ತಮಗೂ ಕಾಣುವುದಿಲ್ಲವೇ?

ಯುಗಾದಿಗೆ ಮುಂಚೆ ನಮ್ಮ ಚಿಕ್ಕಪ್ಪ ತೀರಿಕೊಂಡಾಗ ಚಟ್ಟ ಹೊತ್ತು ಆ ಕಾರ್ಖಾನೆಯ ಗೇಟಿಗೆ ಹೋದೆವು. ಕಾವಲಿನ ನೀಲಪ್ಪ, ವಿಜಾಪುರದ ಕಡೆಯವನು, ಕೈ ಮುಗಿದ. "ಪಾಸ್ ಇಲ್ದ ಯಾರ್ನೂ ಬಿಡಬ್ಯಾಡ ಅಂದಾರ್ರಿ. ನನ್ ನೌಕರಿ ಹೋಗ್ತೈತ್ರಿ ಅಣ್ಣಾರ." ಹೆಣಕ್ಕೆ ಪಾಸ್ ಬರೆದುಕೊಡುವವರು ಯಾರು? ಹೂಳುವ ಪದ್ಧತಿಯ ನಾವು ಚಿಕ್ಕಪ್ಪನನ್ನು ದೂರದ ವಿದ್ಯುತ್ ಚಿತಾಗಾರಕ್ಕೆ ಒಪ್ಪಿಸಿ ಬಂದೆವು. ಅಂದಿನಿಂದ ಅಮ್ಮನಿಗೆ ಒಂದೇ ಭಯ. "ನನ್ನ ಸುಡ್ಬ್ಯಾಡ ಕಣಪ್ಪಾ. ನಿಮ್ಮಪ್ಪನ ಪಕ್ಕ ಮಡಗು" ಎನ್ನುತ್ತಾಳೆ. ತಮ್ಮ ಕಚೇರಿಯ ಮೆಟ್ಟಿಲಿಳಿಯುತ್ತಾ ಕೇಳಿದಳು: "ಆ ಬಿಳಿಯಪ್ಪ ಬರೀಲಿಲ್ಲ ಅಂತ ನಾವು ಸಾಯಂಗೂ ಇಲ್ವಾ?" ಅದಕ್ಕೇ ಊರಿಗೆಲ್ಲ ಕಾಣುವಂತೆ ತಮಗೆ ಬರೆಯುತ್ತಿದ್ದೇನೆ.

ನಮ್ಮ ಆಗ್ರಹ ದೊಡ್ಡದೇನಲ್ಲ. ಒಮ್ಮೆ ಜೀಪಿನಿಂದಿಳಿದು ನಡೆದು ಬನ್ನಿ. ನಾಲ್ಕು ಜನ ಚಟ್ಟ ಹೊತ್ತು ಹೋಗುವಷ್ಟು ದಾರಿ ಬಿಡಿಸಿ, ನಕ್ಷೆಯಲ್ಲಿ ತಮ್ಮ ಕೈಯಿಂದಲೇ ಒಂದು ಗೆರೆ ಎಳೆಯಿರಿ. ಅಮ್ಮ ಬದುಕಿರುವಾಗಲೇ ಎಳೆಯಿರಿ, ಅವಳು ಕಣ್ಣಾರೆ ನೋಡಲಿ. ಅದಾಗದಿದ್ದರೆ ಬರುವ ಆಗಸ್ಟ್ ಹದಿನೈದಕ್ಕೆ ದೊರೆಯನ್ನು ಬಯ್ಯಬೇಡಿ. ಅವನ ಪಟಕ್ಕೊಂದು ಹಾರ ಹಾಕಿ, ಲಾಡು ಹಂಚಿ.

ಇಂತಿ,
ಇಲ್ಲವೆಂದು ತಾವು ಹೇಳುವ ದಾರಿಯಲ್ಲೇ ಅಪ್ಪನನ್ನು ಹೊತ್ತುಕೊಂಡು ಹೋಗಿ ಮಣ್ಣು ಮಾಡಿ ಬಂದ
ಆಂಜಿನಪ್ಪ