ಹೇಳಿ ಹೋಗಿ

ಬಸವನಗುಡಿ, ಆಗಸ್ಟ್ ೧೯೯೮

ಅಮ್ಮಾ,

ಇವತ್ತು ಕ್ಲಿನಿಕ್ಕಿಗೆ ಒಬ್ಬ ತಾಯಿ ಬಂದಿದ್ದಳು. ಎರಡು ವರ್ಷದ ಮಗು ಅವಳ ಸೆರಗು ಬಿಡುವುದೇ ಇಲ್ಲವಂತೆ.

"ಬ್ಯಾಂಕಿಗೆ ಹೊರಡೋವಾಗ ಅತ್ತೆ ಬೀದೀಲಿ ಹಸು ತೋರಿಸ್ತಾರೆ. ನಾನು ಹಿಂಬಾಗಿಲಿಂದ ಜಾರ್ಕೋತೀನಿ ಡಾಕ್ಟ್ರೇ. ಹೇಳಿದ್ರೆ ಅಳುತ್ತೆ."

"ಅತ್ತರೆ ಅಳಲಿ, ಹೇಳಿ ಹೋಗಿ. ಇಲ್ಲಾಂದ್ರೆ ದಿನವೆಲ್ಲಾ ಬಾಗಿಲು ಕಾಯುತ್ತೆ" ಅಂದೆ. ಎಳೆ ಮಕ್ಕಳ ಮನಸ್ಸಿನ ಡಾಕ್ಟರಾಗಿ ಹದಿನಾರು ವರ್ಷದಿಂದ ಎಲ್ಲ ತಾಯಂದಿರಿಗೂ ಹೇಳುತ್ತಿರುವ ಮಾತು.

ಹೋದ ತಿಂಗಳು ಆಸ್ಪತ್ರೆಯಲ್ಲಿ ಮಧ್ಯಾಹ್ನ ನಿನಗೆ ಜೋಂಪು ಹತ್ತಿದಾಗ, ನನ್ನ ಸೆರಗು ಹಿಡಿದಿದ್ದ ನಿನ್ನ ಬೆರಳುಗಳನ್ನು ಮೆಲ್ಲಗೆ ಬಿಡಿಸಿ ಕ್ಲಿನಿಕ್ಕಿಗೆ ಬಂದುಬಿಟ್ಟೆ. ಎಬ್ಬಿಸಿದರೆ ನೀನು ಅಳುತ್ತೀಯೆಂದು.

ನಾನು ವಾಪಸು ಬರುವಷ್ಟರಲ್ಲಿ ನರ್ಸ್ ನಿನ್ನ ಕಣ್ಣು ಮುಚ್ಚಿದ್ದಳು.

"ಎಚ್ಚರ ಆದಾಗಿಂದ ಬಾಗಿಲನ್ನೇ ನೋಡ್ತಿದ್ರು" ಅಂದಳು.