ಕಿವಿರಿನ ಕೆಂಪು

ಗುರುಗಳೇ,

ಪ್ರೀತಿಯ ಎಂದು ಮುಂದೆ ಸೇರಿಸಲು ಕೈ ಬರಲಿಲ್ಲ. ಸತ್ತವರ ಮೇಲೆ ಹಗೆ ಇಟ್ಟುಕೊಳ್ಳಬಾರದಂತೆ. ನೀವು ಹೋಗಿ ವರ್ಷವಾಯಿತು, ನನ್ನ ಸಿಟ್ಟು ಹೋಗಿಲ್ಲ.

ಕುಂದಾಪುರದ ಕಾಲೇಜಿನಲ್ಲಿ ನೀವು ಕಪ್ಪುಹಲಗೆಯ ನಡುವೆ ಗೆರೆ ಎಳೆದ ದಿನ ನೆನಪಿದೆಯೇ? ಎಡಕ್ಕೆ ಮುಗ್ಧತೆ: ಮಗು, ಕರು, ಮೊಗ್ಗು, ಮುಂಜಾವು. ಬಲಕ್ಕೆ ಅನುಭವ: ಹುಲಿ, ಪೇಟೆ, ಮುದುಕ, ಕಡಲು. ಲೋಕದ ಕಾವ್ಯವೆಲ್ಲ ಈ ಎರಡು ಮನೆಗಳಲ್ಲೇ ವಾಸ ಎಂದಿರಿ. ನಾನು ಬಾಯಿ ಬಿಟ್ಟುಕೊಂಡು ಕೇಳಿದೆ.

ಆಮೇಲೆ ಮೊದಲ ಪದ್ಯ ಹಿಡಿದು ಬ್ರಹ್ಮಾವರದ ನಿಮ್ಮ ಮನೆಗೆ ಬಂದೆ. ಪದ್ಯದಲ್ಲೊಬ್ಬಳು ಪುಟ್ಟ ಹುಡುಗಿ. ಅಮ್ಮ ಬುಟ್ಟಿ ಹೊತ್ತು ಬಸ್ರೂರಿನಲ್ಲಿ ಮೀನು ಮಾರುವವಳು. ನಿನ್ನೆ ಉಳಿದ ಬಂಗುಡೆಯ ಕಿವಿರು ಬಿಳಚಿಕೊಂಡಿರುತ್ತದೆ, ಕೊಳ್ಳುವವರು ಮೊದಲು ನೋಡುವುದೇ ಅದನ್ನು. ಹಾಗಾಗಿ ಇವತ್ತಿನ ಮೀನಿನ ರಕ್ತವನ್ನು ಒಳಗೆ ಸವರಬೇಕು. ಅಮ್ಮನ ಬೆರಳು ದಪ್ಪ, ಕಿವಿರು ಹರಿದುಹೋಗುತ್ತದೆ, ಮಗಳದು ಸಪೂರ. ಆ ಹುಡುಗಿ ನಾನೇ ಎಂದೂ ಹೇಳಿದೆ. ನೀವು ನಕ್ಕು ಪೆನ್ನು ಎತ್ತಿಕೊಂಡಿರಿ.

"ಮಕ್ಳಿಗೆ ಮೋಸ ಎಲ್ ಗೊತ್ತಿರತ್ ಹೆಣ್ಣೆ? ಪದ್ಯದಗೆ ಮಗು ಮಗುವಾಯೇ ಇರ್ಕ್."

ರಕ್ತ ಸವರುವ ಸಾಲುಗಳೆಲ್ಲ ಹೋದವು. ಹುಡುಗಿ ಚಿಪ್ಪು ಹೆಕ್ಕುತ್ತಾ ಕುಳಿತಳು. ಯಾರ ಮನೆಯ ಮಗು ಅದು?

ಪುಸ್ತಕ ಬಂದಾಗ ಮುನ್ನುಡಿಯಲ್ಲಿ ನನ್ನನ್ನು ಕಡಲತಡಿಯ ಮುಗ್ಧ ದನಿ ಎಂದಿರಿ. ಅಷ್ಟು ಸಾಕಾಯಿತು. ವರ್ಷಾನುಗಟ್ಟಲೆ ಕವಿಗೋಷ್ಠಿಗಳಿಗೆ ಕರೆದವರಿಗೆ ಬೇಕಾದದ್ದು ಆ ಚಿಪ್ಪಿನ ಹುಡುಗಿ. ಗಂಡನನ್ನು ಬಿಟ್ಟು ಬಂದ ಮೇಲೆ ಬರೆದದ್ದನ್ನು ಓದಿದರೆ, ಮೇಡಂ ಚಿಪ್ಪಿನದ್ದು ಓದಿ ಎನ್ನುತ್ತಿದ್ದರು. ಮೈ ಉರಿಯುತ್ತಿತ್ತು. ಒಮ್ಮೆ ನಿಮಗೆ ಫೋನ್ ಮಾಡಿ... ಹೋಗಲಿ, ಆಗಲೂ ನಕ್ಕಿರಿ.

ಈಗ ಕೇಳಿ. ಕಿವಿರಿಗೆ ಕೆಂಪು ಹಚ್ಚುವುದು ನನಗೆ ಆಟವಾಗಿತ್ತು. ಅದು ಮೋಸವೆಂದು ಗೊತ್ತಿತ್ತು, ಖುಷಿಯೂ ಆಗುತ್ತಿತ್ತು. ಯಾರಾದರೂ ಕಿವಿರು ಬಿಡಿಸಿ ನೋಡಿ ತಲೆಯಾಡಿಸಿದರೆ ಅಮ್ಮನ ಸೆರಗಿನ ಹಿಂದೆ ಅಡಗಿ ನಗುತ್ತಿದ್ದೆ. ನಿಮ್ಮ ಗೆರೆಯನ್ನು ಇದರಲ್ಲಿ ಎಲ್ಲಿ ಎಳೆಯುತ್ತೀರಿ? ಗದ್ದೆ, ತೋಟ, ಹಾಲು ಕರೆದುಕೊಡುವ ಆಳು ಇದ್ದ ಮನೆಯಲ್ಲಿ ನೀವು ಬೆಳೆದಿರಿ. ನಿಮ್ಮ ಬಾಲ್ಯವನ್ನೇ ತಂದು ನನ್ನ ಪದ್ಯದೊಳಗೆ ಕೂರಿಸಿದಿರಿ. ಅದಕ್ಕೆ ನಿಮ್ಮನ್ನು ಕ್ಷಮಿಸಲಾರೆ.

ನಿಮಗೆ ತಿಳಿಯದ ಸುದ್ದಿಯೊಂದಿದೆ. ಪುಸ್ತಕ ಮತ್ತೆ ಅಚ್ಚಾಯಿತು. ನಿಮ್ಮ ಮುನ್ನುಡಿ ಇರಲಿ ಎಂದು ಪ್ರಕಾಶಕರು ಗೋಗರೆದರು, ನಾನು ಒಪ್ಪಲಿಲ್ಲ. ನೀವು ಹೊಡೆದುಹಾಕಿದ ಸಾಲುಗಳೆಲ್ಲ ವಾಪಸು ಬಂದಿವೆ. ಹೋದ ವಾರ ಕುಂದಾಪುರದ ಸಭೆಯಲ್ಲಿ ಓದಬೇಕಿತ್ತು. ಅಮ್ಮ ಇನ್ನೂ ಬಸ್ರೂರಿಗೆ ಬುಟ್ಟಿ ಹೊರುತ್ತಾಳೆ. ಕೊಳ್ಳುವವರಲ್ಲಿ ಕೆಲವರು ಸಭೆಯಲ್ಲೇ ಇದ್ದರು. ಪಕ್ಕದಲ್ಲಿ ಕೂತಿದ್ದ ಅಮ್ಮನ ಕಡೆ ತಿರುಗಿದೆ. ನೀನು ಬೇಡವೆಂದರೆ ಓದುವುದಿಲ್ಲ ಎಂದೆ. ಅವಳು ತನ್ನ ಕೈ ನೋಡಿಕೊಂಡಳು.

"ಸಣ್ಣ ಮಗು, ನಿಂಗೆ ಎಂತ ಗೊತ್ತಾತಿಲ್ಲ ಅಂದೇಳಿ ನಾನೂ ಎಣ್ಸ್ಕಂಡಿದ್ದೆ. ಓದ್, ಕೇಂತೆ."

ಓದಿದೆ. ಅವಳು ತಲೆ ತಗ್ಗಿಸಲಿಲ್ಲ, ಕೊನೆಯ ಸಾಲಿನವರೆಗೂ ಕೇಳಿದಳು. ನೀವು ಅಷ್ಟು ಮಾಡಿದ್ದರೆ ಸಾಕಿತ್ತು, ಗುರುಗಳೇ.