ಬಂದರಿನ ಹಿಂದಿನ ಮೀನಿನ ಗೋದಾಮು

ಅಕ್ಕಿಆಲೂರು
18–3–2026, ಮುಂಜಾನೆ

ಪ್ರೀತಿಯ ಕೊಟ್ರೇಶಣ್ಣಾ,

ಆರಾಮಿದ್ದೀಯಾ? ವೆಲ್ಡಿಂಗ್ ಕಿಡಿ ಸಿಡಿದ ಕೈ ಮಾಯಿತಾ? ಇಲ್ಲಿ ಅವ್ವ, ಅಪ್ಪ ಇಬ್ಬರೂ ಚೆನ್ನಾಗಿದ್ದಾರೆ. ಕಾಲ್ ಹೋಗುತ್ತಿಲ್ಲ. ಮೆಸೇಜು ಹಾಕಿದರೆ ನೀನು ಅರ್ಧ ಓದಿ ಬಿಡುತ್ತೀ, ಅದಕ್ಕೇ ಹಾಳೆಯಲ್ಲಿ ಬರೆದು ಫೋಟೊ ಕಳಿಸುತ್ತಿದ್ದೇನೆ. ಪೂರ್ತಿ ಓದು.

ಅಣ್ಣಾ, ನನಗೆ ಮೈಯೆಲ್ಲ ಉರಿಯುತ್ತಿದೆ. ನಾನು ಯೂಟ್ಯೂಬಿನಲ್ಲಿ ಇಂಗ್ಲಿಷ್ ಸಂದರ್ಶನ ಮಾಡುವ ದಿಲ್ಲಿಯ ಸಮರ್ಥ ಸರ್ ಫ್ಯಾನ್ ಅಂತ ನಿನಗೆ ಗೊತ್ತೇ ಇದೆ. ಅವರ ಫ್ಯಾನ್ ಗ್ರೂಪಿನಲ್ಲಿ ಯಾರಾದರೂ ಅವರನ್ನು ಬೈದರೆ ಮೊದಲು ಜಗಳಕ್ಕೆ ಬೀಳುವವಳೇ ನಾನು. ಮೊನ್ನೆ ಅವರು ನೀನು ಕೆಲಸಕ್ಕೆ ಹೋದ ದೇಶದ ಮೇಲೆ ಬಾಂಬು ಹಾಕಿಸುತ್ತಿರುವ ಆ ಜನರಲ್‌ನನ್ನೇ ಲೈವ್‌ಗೆ ಕರೆದರು. ಅಪ್ಪನೂ ಮಿಲ್ಲಿಗೆ ಹೋಗದೆ ಪಕ್ಕದಲ್ಲಿ ಬಂದು ಕೂತ. "ಮಾತಾಡ್ಲಿ ಬಿಡವಾ, ಬಾಯಿ ಬಿಚ್ಚಿದ್ರ ಸಿಟ್ಟು ಇಳಿತೈತಿ" ಅಂದ. ನಾನೂ ಹಾಗೇ ನಂಬಿದ್ದೆ. ಒಂದು ತಾಸು ನಡೆಯಿತು. ಸತ್ತವರ ಬಗ್ಗೆ ಒಂದೂ ಪ್ರಶ್ನೆ ಇಲ್ಲ, ಅವನು ಸಾಕಿದ ಕುದುರೆಗಳ ಬಗ್ಗೆ ಮೂರು. ಕೊನೆಗೆ ನೋಡುಗರ ಪ್ರಶ್ನೆ ಅಂತ ಒಂದನ್ನು ಓದಿದರು: ಬಂದರಿನ ಹಿಂದೆ ಮೀನಿನ ಗೋದಾಮಿನಲ್ಲಿ ನಾನೂರು ಭಾರತದ ಕೆಲಸಗಾರರಿದ್ದಾರೆ, ಅವರಿಗೆ ಅಪಾಯವಿಲ್ಲ ತಾನೆ? ಜನರಲ್ ನಕ್ಕ. ಅಲ್ಲಿರುವುದು ಮೀನಲ್ಲ, ಮದ್ದುಗುಂಡು, ನಮಗೆ ಗೊತ್ತಿದೆ ಎಂದ. ಅಲ್ಲಿ ಜನ ಮಲಗುತ್ತಾರೆ ಎಂದು ಸರ್ ಒಂದು ಮಾತು ತಡೆದು ಹೇಳಬೇಕಿತ್ತಲ್ಲ? ಥ್ಯಾಂಕ್ಸ್ ಹೇಳಿ ಮುಗಿಸಿದರು.

ಈಗ ಆ ತುಣುಕಿಗೆ ಹನ್ನೊಂದು ಲಕ್ಷ ವ್ಯೂಸ್. ತೆಗೆಯಿರಿ ಅಂತ ನಲವತ್ತು ಸಲ ಬರೆದೆ. ಗ್ರೂಪಿನ ಅಡ್ಮಿನ್, ಹಾನಗಲ್ಲಿನ ಬಸವೇಶ, "ಶಾಂತಿ ಬೇಕಂದ್ರ ಎರಡೂ ಕಡೆ ಕೇಳಬೇಕವಾ ತಂಗಿ, ಅಳೂದಿದ್ರ ಸೀರಿಯಲ್ ನೋಡು" ಅಂತ ಹಾಕಿ ನನ್ನನ್ನು ಹೊರಗೆ ದಬ್ಬಿದ. ಎರಡೂ ಕಡೆಯಂತೆ. ಗೋದಾಮಿನಲ್ಲಿ ಮಲಗಿದವರದು ಯಾವ ಕಡೆ ಅಂತ ಒಬ್ಬರೂ ಕೇಳಲಿಲ್ಲ. ಅಪ್ಪ ಅವತ್ತಿನಿಂದ ನನ್ನ ಜೊತೆ ಮಾತಾಡಿಲ್ಲ. ಅವ್ವನಿಗೆ ಇಂಗ್ಲಿಷ್ ತಿಳಿಯುವುದಿಲ್ಲ. "ನನ್ನ ಮಗಾ ಇರೋ ಜಾಗಾದ ಹೆಸರು ದಿಲ್ಲಿಯವರು ತಗದ್ರು" ಅಂತ ಹೆಮ್ಮೆಯಿಂದ ಓಣಿಗೆಲ್ಲ ಹೇಳಿ ಬಂದಳು.

ಹೊಟ್ಟೆ ತುಂಬ ಉಣ್ಣು ಅಂತ ಅವ್ವ ಹೇಳಿದ್ದಾಳೆ, ಅದೇ ಅವಳ ಆಶೀರ್ವಾದ. ನಿನ್ನ ಜೊತೆಗಿರುವ ಸವಣೂರಿನ ಜಾವೇದಣ್ಣನಿಗೆ ನನ್ನ ನಮಸ್ಕಾರ.

ನಿನ್ನ ತಂಗಿ
ರಾಜಶ್ರೀ

ತಾ.ಕ.: ಆ ಪ್ರಶ್ನೆ ಬರೆದವಳು ನಾನು. ಗೋದಾಮಿನ ಗುರುತು ನೀನು ನನಗೆ ಹೇಳಿದ್ದು. ಸರ್ ನನ್ನ ಹೆಸರು ಓದಲಿ ಅನ್ನುವ ಆಸೆಗೆ ಅದನ್ನೂ ಸೇರಿಸಿದೆ. ಓದಿದರು. ಮಾಲೀಕ ಇಟ್ಟುಕೊಂಡಿರುವ ಪಗಾರಕ್ಕೆ, ಪಾಸ್‌ಪೋರ್ಟಿಗೆ ಕಾಯುತ್ತ ಕೂರಬೇಡ. ಎಲ್ಲರಿಗೂ ಹೇಳಿ ಇವತ್ತೇ ಅಲ್ಲಿಂದ ಹೊರಬೀಳು. ಬಯ್ಯುವುದೆಲ್ಲ ಆಮೇಲೆ ಬಯ್ಯಿ, ಕೂತು ಕೇಳುತ್ತೇನೆ.